ಪಿಯಾನೊ ಸಾಗಿಸುವಾಗ ಸೊಂಟ ಉಳಿಸಿಕೊಳ್ಳುವುದು ಹೇಗೆ?

ಕೊಡಗಿನ ಸಿದ್ದಾಪುರದ ಕಡೆಯ ಎಸ್ಟೇಟ್ ಬಂಗಲೆಯೊಂದರ ಹಳೆಯ ಪಿಯಾನೊ ಚಿಕ್ಕ ಅಳುವಾರದ ವಿಶ್ವವಿದ್ಯಾಲಯಕ್ಕೆ ದಾನವಾಗಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಕಚೇರಿಯಲ್ಲಿ ಮೊದಲು ಕೇಳಿಬರುವ ಮಾತು ಯಾವುದಿರಬಹುದು ಎಂದು ಊಹಿಸುವುದು ಕಷ್ಟವಲ್ಲ: ‘ಹಾಕಿ ಆಡುವ ಹುಡುಗರು ನಾಲ್ವರನ್ನು ಕರೆಯಿರಿ, ಎತ್ತಿ ಇಟ್ಟುಬಿಡುತ್ತಾರೆ.’ ಕೊಡಗಿನಲ್ಲಿ ಹಾಕಿ ಆಡುವ ಹುಡುಗರಿಗೆ ಬರವಿಲ್ಲ, ನಿಜ. ಆದರೆ ಆ ಹುಡುಗರ ಸೊಂಟ ಇನ್ನೂ ಐವತ್ತು ವರ್ಷ ಬಾಳಬೇಕು.

ಸ್ವಲ್ಪ ಲೆಕ್ಕ ಹಾಕೋಣ. ಗೋಡೆಗೆ ಸೇರಿಸಿ ಇಡುವ ಅಪ್‌ರೈಟ್ ಪಿಯಾನೊ ಸಾಮಾನ್ಯವಾಗಿ 150ರಿಂದ 300 ಕೆ.ಜಿ. ತೂಗುತ್ತದೆ. 240 ಕೆ.ಜಿ. ಎಂದುಕೊಂಡರೂ ನಾಲ್ವರಿಗೆ ತಲಾ 60 ಕೆ.ಜಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ‘ನಿಯೋಶ್’ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗ ಒಬ್ಬರು ಎತ್ತುವ ಭಾರದ ಮಿತಿ 23 ಕೆ.ಜಿ. ಹೊರೆ ಮೈಗೆ ಹತ್ತಿರವಿರಬೇಕು, ಹಿಡಿತ ಗಟ್ಟಿಯಿರಬೇಕು, ನಡು ತಿರುಚಬಾರದು. ಆ ಲೆಕ್ಕಕ್ಕೆ ಹನ್ನೊಂದು ಜನ ಬೇಕು. ಐದಡಿ ಅಗಲದ ಪಿಯಾನೊದ ಸುತ್ತ ಹನ್ನೊಂದು ಜನ ನಿಲ್ಲುವುದಾದರೂ ಎಲ್ಲಿ?

‘ತೋಟದಲ್ಲಿ 50 ಕೆ.ಜಿ. ಕಾಫಿ ಚೀಲವನ್ನು ಒಬ್ಬರೇ ಹೊರುತ್ತಾರಲ್ಲ’ ಎಂಬ ವಾದ ಬಂದೇ ಬರುತ್ತದೆ. ಚೀಲ ಬೆನ್ನಿಗೆ ಒಗ್ಗಿ ಕೂರುತ್ತದೆ. ಪಿಯಾನೊ ಕೈಯಳತೆಯ ದೂರದಲ್ಲೇ ಉಳಿಯುತ್ತದೆ. ಅದರ ಭಾರ ಎಲ್ಲ ಕಡೆ ಸಮನಾಗಿಯೂ ಇಲ್ಲ. ಒಳಗಿನ ಸುಮಾರು 230 ತಂತಿಗಳ ಒಟ್ಟು ಎಳೆತ ಹದಿನೆಂಟು ಟನ್ನಿನ ಆಸುಪಾಸು. ಅದನ್ನು ತಡೆದುಕೊಳ್ಳಲು ಎರಕದ ಕಬ್ಬಿಣದ ದೊಡ್ಡ ಚೌಕಟ್ಟು ಬೇಕು. ಅಪ್‌ರೈಟ್‌ನಲ್ಲಿ ಆ ಕಬ್ಬಿಣ ಹಿಂಬದಿಗೆ ಇರುವುದರಿಂದ, ಸ್ವಲ್ಪ ವಾಲಿಸಿದರೂ ಅದು ಹಿಂದಕ್ಕೇ ಬೀಳಲು ನೋಡುತ್ತದೆ. ಹಾಗಾಗಿ ಪಿಯಾನೊವನ್ನು ಎತ್ತುವ ಯೋಚನೆಯನ್ನೇ ಬಿಡಿ. ವಾಲಿಸಬೇಕು, ಚಕ್ರದ ಮೇಲೆ ಕೂರಿಸಬೇಕು, ತಳ್ಳಬೇಕು.

ಮೊದಲು ದಾರಿ ನೋಡಿ

ಪಿಯಾನೊ ಮುಟ್ಟುವ ಮುನ್ನ ಅಳತೆ ಟೇಪು ಹಿಡಿದು ದಾರಿಯುದ್ದಕ್ಕೂ ನಡೆದು ಬನ್ನಿ. ಬಾಗಿಲ ಅಗಲ, ಕಾರಿಡಾರಿನ ತಿರುವು, ಮೆಟ್ಟಿಲುಗಳ ಸಂಖ್ಯೆ, ನೆಲದ ಇಳಿಜಾರು, ಎಲ್ಲವನ್ನೂ ಬರೆದುಕೊಳ್ಳಿ. ಎರಡು ಅಂಗುಲ ಸಾಲದೆ ಹೋದರೆ ಬಾಗಿಲನ್ನೇ ಕೀಲಿನಿಂದ ಕಳಚಿಡುವುದು ಹತ್ತು ನಿಮಿಷದ ಕೆಲಸ.

ಹೆಚ್ಚಿನವರು ಮೆಟ್ಟಿಲಿಗೆ ಹೆದರುತ್ತಾರೆ. ನನ್ನನ್ನು ಕೇಳಿದರೆ ಹೊಸ್ತಿಲೇ ದೊಡ್ಡ ಶತ್ರು. ಮೆಟ್ಟಿಲ ಬಳಿ ಎಲ್ಲರೂ ಎಚ್ಚರವಾಗಿರುತ್ತಾರೆ. ಹಳೆಯ ಕಟ್ಟಡದ ಮೂರಂಗುಲದ ಹೊಸ್ತಿಲಿಗೆ ಚಕ್ರ ತಾಗಿದಾಗ ಮಾತ್ರ, ‘ಇಷ್ಟೇ ತಾನೆ’ ಎಂದು ಒಬ್ಬರು ಬಗ್ಗಿ, ಒಂದೇ ಕೈಯಲ್ಲಿ, ಮೈ ಓರೆಯಾಗಿಸಿಕೊಂಡು ಮೇಲಕ್ಕೆ ಜಗ್ಗುತ್ತಾರೆ. ಸೊಂಟ ಹಿಡಿದುಕೊಳ್ಳುವುದು ಆ ಕ್ಷಣದಲ್ಲೇ. ಹೊಸ್ತಿಲಿನ ಎರಡೂ ಬದಿಗೆ ಮರದ ಇಳಿಜಾರು ಹಲಗೆಗಳನ್ನು ಮೊದಲೇ ಜೋಡಿಸಿಡಿ.

ಸಾಮಗ್ರಿ ಮತ್ತು ಜನ

ರಬ್ಬರ್ ಚಕ್ರಗಳಿರುವ, ಕನಿಷ್ಠ 400 ಕೆ.ಜಿ. ತಡೆಯುವ ನಾಲ್ಕು ಚಕ್ರದ ಡಾಲಿ (ಭಾರ ಕೂರಿಸಿ ತಳ್ಳುವ ಚಪ್ಪಟೆ ಹಲಗೆ) ಬೇಕು. ಜೊತೆಗೆ ದಪ್ಪ ಕಂಬಳಿಗಳು, ರ‍್ಯಾಚೆಟ್ (ಹಿಡಿ ಆಡಿಸಿ ಬಿಗಿಯುವ ಕೊಂಡಿ) ಇರುವ ಅಗಲ ಪಟ್ಟಿಗಳು, ಹಿಡಿತವಿರುವ ಕೈಗವಸು. ಪಿಯಾನೊಗೇ ಇರುವ ಪುಟ್ಟ ಚಕ್ರಗಳನ್ನು ನಂಬಬೇಡಿ. ಅವು ಕೋಣೆಯೊಳಗೆ ಗೇಣು ದೂರ ಸರಿಸಲು ಮಾತ್ರ. ಕಾಲಿಗೆ ಶೂ ಇರಲೇಬೇಕು, ಚಪ್ಪಲಿ ಹಾಕಿಕೊಂಡು ಬಂದವರನ್ನು ಮುಲಾಜಿಲ್ಲದೆ ಹಿಂದಕ್ಕೆ ಕಳುಹಿಸಿ. ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡರೆ ಸಾಕು ಎನ್ನುವವರಿದ್ದಾರೆ. ಅದು ಪೆಟ್ಟು ತಪ್ಪಿಸುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅದೇ ನಿಯೋಶ್ 1994ರಲ್ಲೇ ಹೇಳಿದೆ. ಬೆಲ್ಟ್ ಕಟ್ಟಿಕೊಂಡವರಿಗೆ ಧೈರ್ಯ ಹೆಚ್ಚುವುದು ಇನ್ನೊಂದು ಅಪಾಯ.

ಕೆಲಸಕ್ಕೆ ನಾಲ್ವರು, ಆಜ್ಞೆ ಕೊಡಲು ಒಬ್ಬರೇ. ಆ ಒಬ್ಬರು ಪ್ರಾಂಶುಪಾಲರೇ ಆಗಬೇಕೆಂದಿಲ್ಲ. ಸರಕು ಸಾಗಿಸಿ ಪಳಗಿದ ಲೋಡಿಂಗ್ ಕೆಲಸಗಾರರಾದರೆ ಒಳ್ಳೆಯದು. ಅವರು ‘ನಿಲ್ಲಿ’ ಎಂದರೆ ಕುಲಪತಿಗಳೂ ನಿಲ್ಲಬೇಕು. ‘ಐಸಾ’ ಎಂದು ಕೂಗಿ ಒಮ್ಮೆಲೇ ಜಗ್ಗುವ ಪದ್ಧತಿ ಇಲ್ಲಿ ಬೇಡ. ಜಗ್ಗಿದ ರಭಸಕ್ಕೆ ಭಾರ ಒಬ್ಬರ ಮೇಲೆ ಹೊರಳುತ್ತದೆ. ಮೂರರವರೆಗೆ ಎಣಿಸಿ, ನಿಧಾನವಾಗಿ.

ಡಾಲಿ ಏರಿಸುವ ಕ್ರಮ

ಕೀಲಿಮಣೆಯ ಮುಚ್ಚಳ ಮುಚ್ಚಿ ಭದ್ರಪಡಿಸಿ, ಇಡೀ ವಾದ್ಯಕ್ಕೆ ಕಂಬಳಿ ಸುತ್ತಿ ಪಟ್ಟಿ ಬಿಗಿಯಿರಿ. ಗೋಡೆಯಿಂದ ಈಚೆಗೆ ತಂದ ಮೇಲೆ ಒಂದು ತುದಿಯಲ್ಲಿ ಇಬ್ಬರು ನಿಂತು, ಹಿಂಬದಿಯ ಹಿಡಿಯನ್ನೂ ಕೀಲಿಮಣೆಯ ಅಡಿಭಾಗವನ್ನೂ ಹಿಡಿದು, ಆ ತುದಿಯನ್ನಷ್ಟೇ ಡಾಲಿ ತೂರುವಷ್ಟು ಎತ್ತರಕ್ಕೆ ವಾಲಿಸಬೇಕು. ಮೂರನೆಯವರು ಡಾಲಿಯನ್ನು ಕಾಲಿನಿಂದ ತಳ್ಳಿ ಅಡಿಗೆ ಸೇರಿಸಲಿ, ಕೈ ತೂರಿಸುವುದು ಬೇಡ. ನಾಲ್ಕನೆಯವರು ಎದುರು ತುದಿಯಲ್ಲಿ ನಿಂತು ಪಿಯಾನೊ ಜಾರದಂತೆ, ಹಿಂದಕ್ಕೆ ವಾಲದಂತೆ ನೋಡಿಕೊಳ್ಳುತ್ತಾರೆ. ಡಾಲಿ ನಟ್ಟನಡುವಿಗಿಂತ ತುಸು ಹಿಂಬದಿಗಿರಲಿ, ಕಬ್ಬಿಣ ಇರುವುದು ಅಲ್ಲಿ. ಮುಂಭಾಗದ ತೆಳು ಕಾಲುಗಳ ಮೇಲೆ ಭಾರ ಬಿಟ್ಟರೆ ಲಟಕ್ಕನೆ ಮುರಿಯುತ್ತವೆ.

ವಾಲಿಸುವ ಇಬ್ಬರು ಪಾದಗಳನ್ನು ಭುಜದಗಲಕ್ಕೆ ಅಗಲಿಸಿ, ಒಂದು ಪಾದ ಮುಂದಿಟ್ಟು, ಮಂಡಿ ಮಡಚಿ, ಎದೆಯನ್ನು ಪಿಯಾನೊಗೆ ಹತ್ತಿರ ತರಬೇಕು. ಬೆನ್ನು ಕಮಾನಾಗಬಾರದು. ತಿರುಗಬೇಕಾದರೆ ಪಾದ ಕಿತ್ತು ತಿರುಗಿ. ಪಾದ ಊರಿಕೊಂಡು ಸೊಂಟ ತಿರುಚಬೇಡಿ. ಬೆನ್ನುಮೂಳೆಯ ನಡುವಿನ ಡಿಸ್ಕ್ ತಾಳಲಾರದ್ದು ಬಗ್ಗುವುದು ಮತ್ತು ತಿರುಚುವುದು ಎರಡೂ ಒಟ್ಟಿಗೆ ಸೇರಿದಾಗ. ನಿದ್ದೆಯಿಂದ ಎದ್ದ ಹೊಸತರಲ್ಲಿ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಬಗ್ಗುವ ಕೆಲಸಕ್ಕೆ ಅದು ಕೆಟ್ಟ ಹೊತ್ತು. ಡಿಸೆಂಬರಿನ ಚಳಿಯಲ್ಲಿ ಬೆಳಗ್ಗೆ ಏಳಕ್ಕೇ ಕೆಲಸ ಶುರು ಮಾಡುವ ಹುಮ್ಮಸ್ಸು ಬೇಡ. ಕಾಫಿ ಕುಡಿದು, ನಾಲ್ಕು ಹೆಜ್ಜೆ ಓಡಾಡಿ, ಹತ್ತು ಗಂಟೆಗೆ ಆರಂಭಿಸಿ.

ಡಾಲಿ ಏರಿದ ಮೇಲೆ ಎಳೆಯಬೇಡಿ, ತಳ್ಳಿ. ಇಳಿಜಾರಿನಲ್ಲಿ ಕೆಳಗಡೆ ಯಾರೂ ನಿಲ್ಲಬಾರದು; ಪಟ್ಟಿ ಹಿಡಿದವರು ಮೇಲಿನಿಂದ ಸಡಿಲಿಸುತ್ತಾ ಬರಲಿ. ಎರಡು ಮೂರು ಮೆಟ್ಟಿಲಿಗಿಂತ ಹೆಚ್ಚಿದ್ದರೆ ಪಿಯಾನೊ ಸಾಗಿಸುವವರನ್ನೇ ಕರೆಸಿ. ಗ್ರ್ಯಾಂಡ್ ಪಿಯಾನೊ ಆದರಂತೂ ಈ ಲೇಖನ ಓದಿ ಕೈಹಾಕಬೇಡಿ. ಪೆಡಲ್ ಚೌಕಟ್ಟು ಮತ್ತು ಕಾಲುಗಳನ್ನು ಕಳಚಿ ಎಡ ಮಗ್ಗುಲಿಗೆ ನಿಲ್ಲಿಸುವುದು ಬಲ್ಲವರ ಕೆಲಸ.

ಒಂದು ಮಾತನ್ನು ಎಲ್ಲರಿಗೂ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ: ಪಿಯಾನೊ ಕೈತಪ್ಪಿ ಬೀಳುತ್ತಿದ್ದರೆ ಬಿಟ್ಟು ಪಕ್ಕಕ್ಕೆ ಹಾರಬೇಕು. ದಾನಿಗಳು ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ.

ವಾಹನ ಮತ್ತು ಮಳೆ

ಪಿಕಪ್‌ಗೆ ಏರಿಸುವಾಗ ನಮ್ಮ ಗುಡ್ಡಗಾಡೇ ನೆರವಿಗೆ ಬರುತ್ತದೆ. ವಾಹನದ ಹಿಂಬದಿಯನ್ನು ದರೆಗೆ (ಎತ್ತರದ ಮಣ್ಣಿನ ದಿಬ್ಬಕ್ಕೆ) ಒತ್ತಿ ನಿಲ್ಲಿಸಿ, ದರೆಯ ಮಟ್ಟಕ್ಕೂ ವಾಹನದ ಮಟ್ಟಕ್ಕೂ ಗಟ್ಟಿ ಹಲಗೆ ಹಾಸಿದರೆ, ಪಿಯಾನೊ ನೇರವಾಗಿ ಒಳಗೆ ಉರುಳುತ್ತದೆ. ಕ್ಯಾಬಿನ್ನಿನ ಗೋಡೆಗೆ ಅದರ ಬೆನ್ನು ತಾಗುವಂತೆ ನೆಟ್ಟಗೆ ನಿಲ್ಲಿಸಿ, ಡಾಲಿ ತೆಗೆದು, ಎರಡು ಕಡೆ ಪಟ್ಟಿ ಬಿಗಿಯಿರಿ. ತಿರುವುಗಳಲ್ಲಿ ‘ಹಿಡಿದುಕೊಳ್ಳಲು’ ಎಂದು ಹುಡುಗರನ್ನು ಹಿಂದೆ ಕೂರಿಸುವುದು ಶುದ್ಧ ಹುಚ್ಚುತನ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡ. ಕೊಡಗಿನ ಮಳೆಗೆ ಟಾರ್ಪಾಲು ಸಾಲದು, ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ನಿಲ್ಲುವುದಿಲ್ಲ. ಜನವರಿ, ಫೆಬ್ರವರಿ ಒಣ ತಿಂಗಳುಗಳೇನೋ ಹೌದು, ಆದರೆ ಕಾಫಿ ಕೊಯ್ಲಿನ ನಡುವೆ ಲೋಡಿಂಗ್‌ನವರು ಸಿಗುವುದು ದುರ್ಲಭ. ಮುಂಚೆಯೇ ಮಾತನಾಡಿ ದಿನ ಗೊತ್ತು ಮಾಡಿಕೊಳ್ಳಿ.

ನೋವು ಬಂದರೆ

ಮರುದಿನ ಸೊಂಟ ಬಿಗಿದರೆ ಹಾಸಿಗೆ ಹಿಡಿಯಬೇಕಿಲ್ಲ. ಭಾರ ಎತ್ತದೆ ಮೆಲ್ಲಗೆ ಓಡಾಡುವುದೇ ಮೇಲು. ನೋವು ಕಾಲಿಗೆ ಇಳಿದರೆ ವೈದ್ಯರಿಗೆ ತೋರಿಸಿ. ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ ಅಥವಾ ಮೂತ್ರದ ಮೇಲಿನ ಹಿಡಿತ ತಪ್ಪಿದರೆ ಎಣ್ಣೆ ನೀವುತ್ತಾ ಕೂರದೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.

ಪಿಯಾನೊವನ್ನು ಹೊಸ ಜಾಗದಲ್ಲಿ ಕಿಟಕಿಯಿಂದ, ಮಳೆನೀರು ಇಂಗುವ ಹೊರಗೋಡೆಯಿಂದ ದೂರವಿಡಿ. ಹೊಸ ಹವೆಗೆ ಮರ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಶ್ರುತಿ ಸರಿಮಾಡುವ ಟ್ಯೂನರ್ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬರಬೇಕಾದರೆ ಅದಕ್ಕಿಂತ ಮುಂಚೆ ಕರೆಸಿ ಖರ್ಚು ಮಾಡಬೇಡಿ.