ಇಸ್ಪೀಟ್ ಪಂದ್ಯದಲ್ಲಿ ‘ಕಳ್ಳಾಟ’ ಎಂಬ ಕೂಗೆದ್ದರೆ ತೀರ್ಪುಗಾರ ಏನು ಮಾಡಬೇಕು?

ಕೊಡಗಿನ ಕಕ್ಕಡ ತಿಂಗಳ ಮಳೆ, ತಗಡಿನ ಮಾಡಿನ ಸಮುದಾಯ ಭವನ. ಒಳಗೆ ಹನ್ನೆರಡು ಮೇಜು, ನಲವತ್ತೆಂಟು ಜನ, ‘ಇಪ್ಪತ್ತೆಂಟು’ ಎಂಬ ಎಲೆಯಾಟದ ಪಂದ್ಯ. ಮೂರನೇ ಮೇಜಿನಲ್ಲಿ ಕುರ್ಚಿಯೊಂದು ಹಿಂದಕ್ಕೆ ಬಿದ್ದ ಸದ್ದು, ಅದರ ಬೆನ್ನಿಗೇ ‘ಇದು ಕಳ್ಳಾಟ!’ ಎಂಬ ಕೂಗು. ಆಟಿನ್ ಸುತ್ತಿಗೆ ಆಟಿನ್ ಇಲ್ಲವೆಂದು ತುರುಪು ಹೊಡೆದವರ ಕೈಯಿಂದ, ಎರಡು ಸುತ್ತು ಕಳೆದ ಮೇಲೆ ಆಟಿನ್ ಎಂಟು ಇಳಿದಿತ್ತು. ಅವತ್ತಿನ ತೀರ್ಪುಗಾರ ನಾನೇ. ಓಡಿಹೋದವನು ಎಲ್ಲರೆದುರಿಗೆ, ‘ಯಾಕೆ ಮಾವ, ಹೀಗೆ ಮಾಡಿದ್ರಿ?’ ಅಂದುಬಿಟ್ಟೆ. ನಾನು ಕೇಳಿದ್ದು ಪ್ರಶ್ನೆ, ಸಭೆಗೆ ಕೇಳಿಸಿದ್ದು ತೀರ್ಪು. ಎಲೆಗಳನ್ನು ಎತ್ತಿ ನೋಡಿದಾಗ ಥಂಡಿಗೆ ಮೆತ್ತಗಾದ ಕಾಗದದ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಆಟಿನ್ ಎಂಟು ಅಷ್ಟು ಹೊತ್ತೂ ಡೈಮನ್ ಏಳರ ಬೆನ್ನಿಗೆ ಕೂತಿತ್ತು. ಅದು ಗೊತ್ತಾಗುವಷ್ಟರಲ್ಲಿ ಮಾವ ಕೊಡೆ ಬಿಡಿಸಿ ಗೇಟು ದಾಟಿದ್ದರು.

ಆ ಮೇಲಿನ ವರ್ಷಗಳಲ್ಲಿ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಸಂಘದ ವಾರ್ಷಿಕೋತ್ಸವಕ್ಕೋ ಕೈಲ್ ಪೊಳ್ದ್ ಹಬ್ಬದ ಕ್ರೀಡಾಕೂಟಕ್ಕೋ ಎಲೆಯಾಟ ಇಟ್ಟುಕೊಳ್ಳುವವರಿಗೆ ಉಪಯೋಗಕ್ಕೆ ಬಂದೀತು. ಮೇಜಿನ ಮೇಲೆ ಆದದ್ದಕ್ಕೆ ಅಲ್ಲೇ, ಆಗಲೇ ತೀರ್ಪು ಕೊಡಬೇಕು. ಆಡಿದವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬೇರೆ ಕೋಣೆಯಲ್ಲಿ, ಬೇರೆ ಜನ, ಆಮೇಲೆ ನೋಡಬೇಕು. ಈ ಎರಡನ್ನು ಒಟ್ಟಿಗೆ ಕಲಸಿದ್ದೇ ಅವತ್ತು ನಾನು ಮಾಡಿದ ತಪ್ಪು.

ಎಲೆ ಹಂಚುವ ಮೊದಲು

ನಾನು ಕಂಡ ದೂರುಗಳಲ್ಲಿ ಬಹುಪಾಲಿಗೆ ಕಾರಣ ಮೋಸವಲ್ಲ, ಮನೆಮನೆಯ ನಿಯಮ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಒಟ್ಟು 28 ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಕೂಗು, ಅಂದರೆ ಇಷ್ಟು ಪಾಯಿಂಟ್ ಮಾಡುತ್ತೇವೆಂಬ ಸವಾಲು, ಎಷ್ಟರಿಂದ ಶುರು, 14ರಿಂದಲೋ 16ರಿಂದಲೋ? ಕೂಗು ಗೆದ್ದವನು ಮುಚ್ಚಿಟ್ಟ ತುರುಪನ್ನು ತೆರೆಸಿದವನು ತುರುಪನ್ನೇ ಹಾಕಬೇಕೋ? ರಾಜ-ರಾಣಿ ಜೋಡಿಗೆ ರಿಯಾಯಿತಿ ಉಂಟೋ? ಒಂದೂ ಪಾಯಿಂಟ್ ಇಲ್ಲದ ಕೈ ಬಂದರೆ ಮತ್ತೆ ಹಂಚಬೇಕೋ? ಇವಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ‘ನಮ್ಮಲ್ಲಿ ಹೀಗೇ ಆಡೋದು’ ಎನ್ನುವ ಇಬ್ಬರು ಎದುರುಬದುರಾಗಿ ಕೂತರೆ ಜಗಳಕ್ಕೆ ಮೋಸಗಾರನೇ ಬೇಕಿಲ್ಲ. ಆದ್ದರಿಂದ ನಿಯಮಗಳನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಶುರುವಿಗೆ ಮೊದಲು ಮೈಕಿನಲ್ಲಿ ಒಮ್ಮೆ ಓದಿ. ದಂಡ ಎಷ್ಟೆಂಬುದೂ ಅದೇ ಹಾಳೆಯಲ್ಲಿರಲಿ. ತಪ್ಪಾದ ಮೇಲೆ ದಂಡ ಗೊತ್ತು ಮಾಡಿದರೆ ಅದು ಮುಖ ನೋಡಿ ಮಾಡಿದ್ದೆಂದೇ ಊರು ತಿಳಿಯುತ್ತದೆ.

ಎಲೆಯ ಮಾತು. ನಮ್ಮ ಮಳೆಗಾಲಕ್ಕೆ ಕಾಗದದ ಎಲೆ ಲಾಯಕ್ಕಲ್ಲ. ಪ್ಲಾಸ್ಟಿಕ್ ಎಲೆ ತನ್ನಿ, ಮೇಜಿಗೊಂದು ಹೊಸ ಕಟ್ಟು, ಮೇಲೆ ಎರಡು ಹೆಚ್ಚಿಗೆ. ಕಾಫಿ ಕಲೆ ಬಿದ್ದ ಗುಲಾಮ, ಮೂಲೆ ಮಡಚಿದ ಒಂಬತ್ತು ಯಾರೂ ಬೇಕೆಂದು ಮಾಡಿದ ಗುರುತಲ್ಲದಿರಬಹುದು. ಆದರೆ ನೋಡಿ ನೆನಪಿಟ್ಟುಕೊಂಡವನಿಗೆ ಅದು ಗುರುತೇ. ಎರಡನೇ ಹಂಚಿಕೆ ಮುಗಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಎಂಟು ಎಲೆಯನ್ನು ಬೆರಳಿನಿಂದ ಸರಿಸಿ ಎಣಿಸಲಿ. ಈ ಒಂದು ಅಭ್ಯಾಸ ಇದ್ದಿದ್ದರೆ ಮೂರನೇ ಮೇಜಿನ ಕುರ್ಚಿ ಬೀಳುತ್ತಿರಲಿಲ್ಲ.

ತಗಡಿನ ಮೇಲೆ ಮಳೆ ಹೊಡೆಯುವಾಗ ಕೂಗು ಕೇಳಿಸುವುದಿಲ್ಲ. ಆಗ ಜನ ಬೆರಳು ತೋರಿಸುತ್ತಾರೆ, ಹುಬ್ಬು ಹಾರಿಸುತ್ತಾರೆ. ಅನುಮಾನದ ಬೀಜ ಬೀಳುವುದು ಅಲ್ಲೇ. ಬ್ರಿಜ್ ಎಂಬ ಎಲೆಯಾಟದ ಪಂದ್ಯಗಳಲ್ಲಿ ಬಾಯಿಬಿಟ್ಟು ಕೂಗುವುದರ ಬದಲು ಕೂಗಿನ ಚೀಟಿಗಳ ಪೆಟ್ಟಿಗೆ ಇಟ್ಟಿರುತ್ತಾರೆ, ದನಿಯ ಏರಿಳಿತದಲ್ಲೂ ಸುಳಿವು ದಾಟಬಾರದೆಂದು. ನಾವು ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ 14ರಿಂದ 28ರ ತನಕ ಅಂಕಿ ಬರೆದೆವು, ‘ಪಾಸ್’ ಎಂದು ನಾಲ್ಕು ಚೀಟಿ ಸೇರಿಸಿದೆವು. ಖರ್ಚು ಒಂದು ಸ್ಕೆಚ್ ಪೆನ್ನಿನದು.

ಮುಚ್ಚಿಟ್ಟ ತುರುಪಿನ ಎಲೆಯ ಮೇಲೆ ಒಂದು ಬೆಂಕಿಪೊಟ್ಟಣ ಇಡಿಸಿ. ತುರುಪು ಕೇಳುವ ತನಕ ಪೊಟ್ಟಣ ಮುಟ್ಟುವಂತಿಲ್ಲ. ‘ಎಲೆ ಬದಲಾಯಿಸಿದ’ ಎಂಬ ಮಾತು ನಮ್ಮಲ್ಲಿ ಅಲ್ಲಿಗೆ ನಿಂತಿತು.

ಇನ್ನು ಭಾಷೆ. ನಮ್ಮ ಜಿಲ್ಲೆಯ ಒಂದು ಮೇಜಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಎಲ್ಲವೂ ಕೂರಬಹುದು. ಜೊತೆಗಾರನಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ ‘ಮಳೆ ಜೋರಾಯ್ತು’ ಅಂದರೂ ಎದುರಿನವನಿಗೆ ಬೇರೇನೋ ಕೇಳಿಸುತ್ತದೆ. ಆಟ ನಡೆಯುವಾಗ ನಾಲ್ವರಿಗೂ ಬರುವ ಒಂದೇ ಭಾಷೆ ಸಾಕು. ಬೆನ್ನ ಹಿಂದೆ ನಿಂತು ನೋಡುವವರು ಒಬ್ಬರ ಕೈ ಮಾತ್ರ ನೋಡಲಿ, ಮೇಜು ಸುತ್ತುವುದು ಬೇಡ. ಮೊಬೈಲ್‌ಗಳು ಬುಟ್ಟಿಗೆ.

ದೂರು ಬಂದ ಗಳಿಗೆ

ದೂರುವವನು ಕೈ ಎತ್ತಬೇಕು, ‘ತೀರ್ಪುಗಾರರೇ’ ಎಂದು ಕರೆಯಬೇಕು, ಅಷ್ಟೇ. ‘ಕಳ್ಳ’, ‘ಮೋಸ’ ಎಂಬ ಮಾತು ಬಾಯಿಗೆ ಬಂದರೆ ಆ ಮಾತಿಗೇ ಎಚ್ಚರಿಕೆ ಕೊಡಿ, ದೂರು ನಿಜವಾಗಿದ್ದರೂ ಸರಿಯೇ. ಇದು ಅತಿಯಾಯಿತೆಂದು ಕೆಲವರು ನನ್ನ ಹತ್ತಿರ ವಾದಿಸಿದ್ದಾರೆ. ನಾನು ಒಪ್ಪಿಲ್ಲ. ನಾಳೆ ಇದೇ ನಾಲ್ವರು ಒಂದೇ ಮದುವೆ ಮನೆಯಲ್ಲಿ ಪಕ್ಕಪಕ್ಕ ಕೂತು ಊಟ ಮಾಡಬೇಕಾದ ಜಾಗ ಇದು.

ನೀವು ಮೇಜಿನ ಹತ್ತಿರ ಹೋದಾಗ ಮೊದಲ ಮಾತು, ‘ಎಲೆ ಕವುಚಿ ಕೆಳಗಿಡಿ, ಯಾರೂ ಮುಟ್ಟಬೇಡಿ.’ ಗೆದ್ದ ಸುತ್ತುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಡುವ ಪದ್ಧತಿ ಮಾಡಿಸಿದ್ದರೆ ಯಾವ ಸುತ್ತಿನಲ್ಲಿ ಯಾವ ಎಲೆ ಬಿತ್ತೆಂದು ತೆರೆದು ನೋಡಬಹುದು. ಎಲ್ಲ ಒಟ್ಟು ಬಾಚಿ ಗುಡ್ಡೆ ಹಾಕಿದ್ದರೆ ಉಳಿಯುವುದು ಬಾಯಿಮಾತು ಮಾತ್ರ.

ಆಮೇಲೆ ನಾಲ್ವರನ್ನೂ ಕೇಳಿ, ದೂರಿದವರಿಂದ ಶುರು ಮಾಡಿ, ಒಬ್ಬರು ಹೇಳುವಾಗ ಇನ್ನೊಬ್ಬರು ಸುಮ್ಮನಿರಲಿ. ಕಂಡದ್ದೇನು, ಅನ್ನಿಸಿದ್ದೇನು ಎಂದು ಬಿಡಿಸಿಕೊಳ್ಳಿ. ‘ಐದನೇ ಸುತ್ತಿಗೆ ಮುಂಚೆ ಎರಡು ಸಲ ಉಂಗುರ ತಿರುಗಿಸಿದರು’ ಅನ್ನುವುದು ಕಂಡದ್ದು. ‘ಗುಲಾಮ ಇದೆ ಅಂತ ತೋರಿಸಿದರು’ ಅನ್ನುವುದು ಅನ್ನಿಸಿದ್ದು. ಎರಡನೆಯದನ್ನು ಕೇಳಿಸಿಕೊಳ್ಳಿ, ಮೊದಲನೆಯದನ್ನು ಬರೆದುಕೊಳ್ಳಿ. ‘ಯಾಕೆ ಮಾಡಿದ್ರಿ’ ಎಂದು ಮಾತ್ರ ಮೇಜಿನ ಹತ್ತಿರ ಕೇಳಬೇಡಿ.

ದಂಡ: ಹಾಕಿಯಿಂದ ಕಲಿತದ್ದು

ಕೊಡಗಿನವರಿಗೆ ಹಸಿರು, ಹಳದಿ, ಕೆಂಪು ಕಾರ್ಡ್ ಏನೆಂದು ಬಿಡಿಸಿ ಹೇಳಬೇಕಿಲ್ಲ. 1997ರಿಂದ ಕುಟುಂಬ ಕುಟುಂಬಗಳ ನಡುವೆ ಹಾಕಿ ನೋಡುತ್ತ ಬಂದವರು ನಾವು. ಹಸಿರಿಗೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು, ಕೆಂಪಿಗೆ ಮನೆಗೆ. ಅಂಪೈರ್ ಕಾರ್ಡ್ ತೋರಿಸುತ್ತಾನೆಯೇ ಹೊರತು ‘ನೀನು ಕೆಟ್ಟವನು’ ಅನ್ನುವುದಿಲ್ಲ. ನಾವು ಅದನ್ನೇ ಎಲೆಯಾಟಕ್ಕೆ ತಂದೆವು.

ಸರದಿ ತಪ್ಪಿ ಕೂಗುವುದು, ಎಲೆ ಕೈಜಾರಿ ಬೀಳುವುದು, ಮಾತಿನ ಅತಿರೇಕ ಇವಕ್ಕೆ ಹಸಿರು, ಅಂದರೆ ಪುಸ್ತಕದಲ್ಲಿ ಹೆಸರು ಬರೆದು ಎಚ್ಚರಿಕೆ. ಕೇಳಿದ ಬಣ್ಣ (ಆಟಿನ್, ಡೈಮನ್ ಹೀಗೆ) ಕೈಯಲ್ಲಿ ಇದ್ದೂ ಬೇರೆ ಎಲೆ ಹಾಕಿದರೆ, ಬೆಂಕಿಪೊಟ್ಟಣ ಮುಟ್ಟಿದರೆ, ಮೊಬೈಲ್ ತೆಗೆದರೆ ಹಳದಿ, ಆ ಆಟ ಎದುರು ಜೋಡಿಗೆ ಹೋಗುತ್ತದೆ. ಎರಡು ಹಸಿರು ಸೇರಿದರೆ ಒಂದು ಹಳದಿ. ಕೆಂಪು ಕೊಡುವ ಅಧಿಕಾರ ಮೇಜಿನ ತೀರ್ಪುಗಾರನಿಗೆ ಇರಕೂಡದು.

‘ಬೇಕೆಂದು ಮಾಡಿಲ್ಲ’ ಎಂದು ಹಳದಿ ತಿಂದವರು ಹೇಳಿಯೇ ಹೇಳುತ್ತಾರೆ. ಅದು ನಿಜವೂ ಇರಬಹುದು. ಬ್ರಿಜ್ ನಿಯಮ ಇಲ್ಲಿ ಕೈಹಿಡಿಯುತ್ತದೆ. ಬಣ್ಣ ಬಚ್ಚಿಟ್ಟ ತಪ್ಪು ಖಚಿತವಾದರೆ, ಆಮೇಲೆ ಗೆದ್ದ ಸುತ್ತುಗಳ ಲೆಕ್ಕ ನೋಡಿ ಒಂದೋ ಎರಡೋ ಸುತ್ತು ಎದುರಾಳಿಗೆ ಹೋಗುತ್ತದೆ. ಮರೆತು ಮಾಡಿದೆಯೋ ಬೇಕೆಂದು ಮಾಡಿದೆಯೋ ಎಂದು ಆ ಲೆಕ್ಕ ಕೇಳುವುದಿಲ್ಲ. ಹಾಗಾಗಿ ದಂಡ ತೆತ್ತವನು ಕಳ್ಳನೂ ಆಗುವುದಿಲ್ಲ. ನನ್ನ ಮಾವನಿಗೆ ಅವತ್ತು ಸಲ್ಲಬೇಕಿದ್ದದ್ದು ಇಷ್ಟೇ: ಆ ಆಟ ಎದುರು ಜೋಡಿಗೆ, ಮುಂದಿನ ಎಲೆ ಹಂಚಿ.

ಸನ್ನೆಯ ದೂರು

ಕಷ್ಟದ್ದು ಇದೇ. ಜೊತೆಗಾರರು ಸನ್ನೆ ಮಾಡುತ್ತಾರೆ ಎಂಬ ದೂರು ಒಂದು ಆಟದಲ್ಲಿ ಸಾಬೀತಾಗುವುದಿಲ್ಲ. ದೊಡ್ಡವರ ಕಥೆ ನೋಡಿ. 1965ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವ ಬ್ರಿಜ್ ಪಂದ್ಯದಲ್ಲಿ ಬ್ರಿಟನ್ನಿನ ಟೆರೆನ್ಸ್ ರೀಸ್, ಬೋರಿಸ್ ಶಪೀರೊ ಜೋಡಿ ಎಲೆ ಹಿಡಿದ ಬೆರಳುಗಳ ಎಣಿಕೆಯಿಂದ ಆಟಿನ್ ಎಷ್ಟಿದೆಯೆಂದು ತಿಳಿಸುತ್ತಿತ್ತು ಎಂಬ ಆರೋಪ ಬಂತು. ವಿಶ್ವ ಬ್ರಿಜ್ ಸಂಸ್ಥೆ ತಪ್ಪಿತಸ್ಥರೆಂದಿತು, ಮರುವರ್ಷ ಬ್ರಿಟನ್ನಿನ ವಿಚಾರಣೆ ಸಾಬೀತಾಗಿಲ್ಲವೆಂದಿತು. 2013ರಲ್ಲಿ ಬಾಲಿಯ ಹಿರಿಯರ ವಿಶ್ವ ಪಂದ್ಯದಲ್ಲಿ ಇಬ್ಬರು ಜರ್ಮನ್ ವೈದ್ಯರು ಕೆಮ್ಮಿನ ಲೆಕ್ಕದಲ್ಲಿ ಸುದ್ದಿ ಕಳಿಸಿದರೆಂದು ವಿಶ್ವ ಬ್ರಿಜ್ ಸಂಸ್ಥೆ ಮರುವರ್ಷ ತೀರ್ಮಾನಿಸಿತು. ಕಕ್ಕಡದಲ್ಲಿ ಆ ಲೆಕ್ಕ ಹಿಡಿದರೆ ನಮ್ಮ ಇಡೀ ಸಭಾಂಗಣವನ್ನೇ ಹೊರಹಾಕಬೇಕಾದೀತು! 2015ರಲ್ಲಿ ವಿಡಿಯೊ ನೋಡಿ ನೋಡಿ ಹಲವು ಜೋಡಿಗಳ ಮೇಲೆ ದೂರು ಬಂತು. ಅವುಗಳಲ್ಲಿ ಎಲೆಯನ್ನು ಉದ್ದಕ್ಕೆ, ಅಡ್ಡಕ್ಕೆ ಇಟ್ಟು ಸುಳಿವು ಕೊಟ್ಟರೆಂದು ನಿಷೇಧಕ್ಕೊಳಗಾದ ಒಂದು ಜೋಡಿಯ ಶಿಕ್ಷೆಯನ್ನು ಕ್ರೀಡಾ ತಕರಾರುಗಳನ್ನು ಬಗೆಹರಿಸುವ ಅಂತರರಾಷ್ಟ್ರೀಯ ನ್ಯಾಯಾಲಯ 2018ರಲ್ಲಿ ರದ್ದು ಮಾಡಿತು. ಪುರಾವೆ ಸಾಲದು ಎಂಬುದೇ ಕಾರಣ.

ಇವುಗಳಿಂದ ಹಳ್ಳಿಯ ಪಂದ್ಯಕ್ಕೆ ಬೇಕಾದ ಉಪಾಯ ಒಂದು ಸಿಗುತ್ತದೆ. ದೂರು ಬಂದ ಮೇಲೆ ಗಲಾಟೆ ಮಾಡದೆ ಒಬ್ಬರನ್ನು ಆ ಮೇಜಿನ ಪಕ್ಕ ಕೂರಿಸಿ. ಅವರು ಯಾರ ಎಲೆಯನ್ನೂ ನೋಡಕೂಡದು, ಸನ್ನೆಯಂತೆ ಕಂಡದ್ದನ್ನು ಮಾತ್ರ ಆಟದ ಸಂಖ್ಯೆ ಹಾಕಿ ಬರೆಯಬೇಕು. ಇನ್ನೊಬ್ಬರು ಪ್ರತಿ ಆಟದ ಕೊನೆಗೆ ಯಾರ ಕೈಯಲ್ಲಿ ಏನಿತ್ತೆಂದು ಬರೆಯಲಿ. ಹತ್ತು-ಹನ್ನೆರಡು ಆಟದ ಮೇಲೆ ಎರಡು ಹಾಳೆಯನ್ನು ಪಕ್ಕಪಕ್ಕ ಇಡಿ. ಉಂಗುರ ತಿರುಗಿದಾಗಲೆಲ್ಲ ಗುಲಾಮ ಇದ್ದು, ತಿರುಗದಾಗ ಇಲ್ಲದಿದ್ದರೆ ಮಾತಾಡಬೇಕಾದ ವಿಷಯ ಉಂಟು. ಎಲೆ ಮೊದಲೇ ನೋಡಿದವನ ಕಣ್ಣಿಗೆ ಪ್ರತಿ ಕೆಮ್ಮಿನಲ್ಲೂ ಗುಲಾಮ ಕಾಣಿಸುತ್ತದೆ, ಅದಕ್ಕೇ ಎರಡು ಬೇರೆ ಕೈ, ಎರಡು ಬೇರೆ ಹಾಳೆ. ಒಂದೂ ತಾಳೆಯಾಗದಿದ್ದರೆ ಎರಡು ಹಾಳೆಯನ್ನೂ ಹರಿದು ಒಲೆಗೆ ಹಾಕಿ. ಕಾವಲಿಗೆ ಒಬ್ಬರು ಕೂತದ್ದು ಯಾಕೆಂದು ಯಾರಿಗೂ ಗೊತ್ತಾಗುವುದು ಬೇಡ.

ಮೂವರ ಸಮಿತಿ

ತಾಳೆಯಾಯಿತು ಅನ್ನಿ. ಆಗ ಮೂವರ ಸಮಿತಿ, ಬಾಗಿಲು ಹಾಕಿದ ಕೋಣೆ. ಕೊಡಗಿನಲ್ಲಿ ನಂಟಸ್ತಿಕೆ ಇಲ್ಲದ ಮೂವರನ್ನು ಹುಡುಕುವುದು ಪಂದ್ಯ ನಡೆಸುವುದಕ್ಕಿಂತ ಕಷ್ಟ. ಒಂದೇ ಒಕ್ಕದವರು (ಮನೆತನದವರು) ಬೇಡ, ಬೀಗರು ಬೇಡ, ತೋಟದ ಗಡಿ ತಕರಾರು ಇರುವವರಂತೂ ಬೇಡವೇ ಬೇಡ. ಒಬ್ಬರನ್ನಾದರೂ ಬೇರೆ ತಾಲ್ಲೂಕಿನಿಂದ ಮೊದಲೇ ಒಪ್ಪಿಸಿಡಿ. ಆರೋಪ ಹೊತ್ತವರಿಗೆ ಬರೆದದ್ದನ್ನು ತೋರಿಸಿ, ಅವರ ಮಾತು ಪೂರ್ತಿ ಕೇಳಿ. ‘ಯಾಕೆ’ ಎಂಬ ಪ್ರಶ್ನೆಗೆ ಜಾಗ ಇದು. ಮೂವರೂ ಒಪ್ಪಿದರೆ ಮಾತ್ರ ಕೆಂಪು. ಇಬ್ಬರು ಒಪ್ಪಿ ಒಬ್ಬರು ಒಪ್ಪದಿದ್ದರೆ ಇಲ್ಲ. ಮೇಲ್ಮನವಿಗೆ ಬ್ರಿಜ್‌ನವರ ಹಾಗೆ ಫಲಿತಾಂಶದ ಹಾಳೆ ಹಾಕಿದ ಮೇಲೆ ಅರ್ಧ ಗಂಟೆ ಕೊಡಿ. ಬಹುಮಾನ ವಿತರಣೆ ಆ ಮೇಲೆ.

ಘೋಷಣೆ ಒಂದೇ ಸಾಲು: ‘ಇಂಥ ಜೋಡಿ ಪಂದ್ಯದಲ್ಲಿ ಮುಂದುವರಿಯುವುದಿಲ್ಲ.’ ಕಾರಣ ಮೈಕಿನಲ್ಲಿ ಬೇಡ, ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಬೇಡ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಯದು, ಫಾರ್ವರ್ಡ್ ಮಾಡಿದವರಿಗೂ ಅದರ ಬಿಸಿ ತಟ್ಟಬಹುದು. ಬಹುಮಾನ ಟ್ರೋಫಿಯೋ ಕುಕ್ಕರೋ ಆಗಿರಲಿ, ಮೇಜಿನ ಮೇಲೆ ದುಡ್ಡು ಬರಕೂಡದು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದ್ದು ನಿಜವೇ, ಹಾಗೆಂದು ಇಪ್ಪತ್ತೆಂಟರ ಪರವಾಗಿ ಠಾಣೆಯಲ್ಲಿ ನಿಂತು ವಾದಿಸುವ ಯೋಗ ಯಾರಿಗೂ ಬೇಡ.

ದೂರು ಸುಳ್ಳಾದರೆ? ಕಂಡದ್ದನ್ನು ಹೇಳಿ ತಪ್ಪಿದವನಿಗೆ ಏನೂ ಮಾಡಬೇಡಿ. ಸೋಲುವಾಗಲೆಲ್ಲ ಕೈ ಎತ್ತುವವನಿಗೆ ಮೂರನೇ ಸಲ ಹಸಿರು.

ತೀರ್ಪುಗಾರನೇ ತಪ್ಪಿದರೆ, ತಪ್ಪಿದ್ದು ಎಲ್ಲಿ ಕೇಳಿಸಿತ್ತೋ ಅಲ್ಲೇ ತಿದ್ದಬೇಕು. ನಾನು ಮಾವನ ಮನೆಗೆ ಹೋಗಿದ್ದೆ, ತಪ್ಪಾಯ್ತು ಅಂದೆ. ಕಾಫಿ ಕೊಟ್ಟರು, ಕರಿಮೆಣಸಿನ ರೇಟು ಮಾತಾಡಿದರು, ಎಲೆಯ ಸುದ್ದಿ ಎತ್ತಲಿಲ್ಲ. ಮುಂದಿನ ವರ್ಷ ಪಂದ್ಯಕ್ಕೆ ಬರಲೂ ಇಲ್ಲ. ಆ ವರ್ಷ ನಿಯಮ ಓದುವ ಮೊದಲು ಮೈಕಿನಲ್ಲೇ ಹೇಳಿದೆ, ಹೋದ ಸಲ ಮೂರನೇ ಮೇಜಿನಲ್ಲಿ ಎಲೆ ಅಂಟಿತ್ತು, ತಪ್ಪು ನನ್ನದು ಎಂದು. ಸುದ್ದಿ ಅವರ ಮನೆ ಮುಟ್ಟಿರಬೇಕು. ಅದರ ಮರುವರ್ಷ ಅಳಿಯನನ್ನು ಜೋಡಿ ಮಾಡಿಕೊಂಡು ಬಂದರು. ಎಂಟು ಎಲೆ ಕೈಗೆ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಂದೊಂದನ್ನೇ ಹೆಬ್ಬೆರಳಿನಿಂದ ಸರಿಸಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಎಣಿಸಿದರು, ‘ಏಳು... ಎಂಟು. ಸರಿ ಉಂಟಾ, ತೀರ್ಪುಗಾರರೇ?’