ಉಳುಮೆ ಬಿಟ್ಟ ಹೊಲ ನೋಡಲು ಹೋಗುವವರಿಗೆ

ಹಾಸನದ ಆಸುಪಾಸಿನಲ್ಲಿ ಉಳುಮೆ ಬಿಟ್ಟ, ಅಂದರೆ ಉಳದೆಯೇ ಬೆಳೆ ತೆಗೆಯುವ ಹೊಲಗಳನ್ನು ನೋಡಲು ಹೊರಟವರು ಎರಡು ಗಾಜಿನ ಲೋಟ, ಒಂದು ಬಾಟಲಿ ನೀರು ಒಯ್ಯಿರಿ. ಪೈರನ್ನು ಆಮೇಲೆ ನೋಡಿದರಾಯಿತು.

ಆ ಹೊಲದ ನೆಲ್ಲಿಕಾಯಿ ಗಾತ್ರದ ಒಣ ಹೆಂಟೆಯೊಂದನ್ನು ಒಂದು ಲೋಟದ ನೀರಿಗೆ, ಪಕ್ಕದ ಉತ್ತ ಹೊಲದ್ದನ್ನು ಇನ್ನೊಂದಕ್ಕೆ ಮೆಲ್ಲಗೆ ಬಿಡಿ. ಉತ್ತ ಹೊಲದ್ದು ಸಾಮಾನ್ಯವಾಗಿ ಬೇಗ ಕರಗಿ ನೀರು ಕೆಂಪಾಗುತ್ತದೆ. ಹಲವು ವರ್ಷ ನೇಗಿಲು ಕಾಣದ ಮಣ್ಣಿನ ಹೆಂಟೆ ಗಟ್ಟಿಯಾಗಿ ಕೂರುತ್ತದೆ, ಏಕೆಂದರೆ ಬೇರುಗಳೂ ಶಿಲೀಂಧ್ರದ ಎಳೆಗಳೂ ಅದನ್ನು ಹಿಡಿದಿರುತ್ತವೆ. ಕೂರದಿದ್ದರೆ ಮಾಲೀಕರ ಮಾತನ್ನು ಸ್ವಲ್ಪ ಕಡಿಮೆ ನಂಬಿ!

ಟ್ರ್ಯಾಕ್ಟರ್ ಚಕ್ರ ಎಲ್ಲಿ ಹರಿಯುತ್ತದೆ ಎಂದು ಕೇಳಿ. ಮಣ್ಣು ಹೆಚ್ಚು ಬಿಗಿಯುವುದು ಮೊದಲ ಸಲ ಚಕ್ರ ಹರಿದಾಗಲೇ. ಆದ್ದರಿಂದ ಪ್ರತಿ ವರ್ಷ ಅದೇ ಜಾಡಿನಲ್ಲಿ ಓಡಿಸಬೇಕು. ಆಸ್ಟ್ರೇಲಿಯಾದಲ್ಲಿ ಹಲವರು ಎಲ್ಲ ಯಂತ್ರಗಳ ಚಕ್ರದಂತರವನ್ನು 3 ಮೀಟರಿಗೆ ಹೊಂದಿಸುತ್ತಾರೆ. ನಮ್ಮ ತುಂಡು ಹೊಲಗಳಿಗೆ ಅದು ದೊಡ್ಡ ಮಾತು, ಬದುವಿನಲ್ಲಿ ಗೂಟ ನೆಟ್ಟು ಜಾಡು ಗುರುತಿಸಿಕೊಂಡರೂ ಸಾಕು. ಒಂದು ಸೈಕಲ್ ಕಡ್ಡಿಯನ್ನು ಜಾಡಿನಲ್ಲೂ ಸಾಲಿನಲ್ಲೂ ಚುಚ್ಚಿ ನೋಡಿ, ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಇಳುವರಿಗಿಂತ ಮೊದಲು ಕಳೆಯ ವಿಷಯ ಕೇಳಿ. ರಾಗಿ ಹುಲ್ಲನ್ನು ಮಣ್ಣಿನ ಹೊದಿಕೆಗೆ ಹೊಲದಲ್ಲೇ ಬಿಟ್ಟರೆ ಹಸುಗಳಿಗೇನು ಹಾಕುತ್ತೀರಿ ಎಂದೂ ಕೇಳಿ. ನಮ್ಮ ಕಡೆ ನಿಜವಾದ ತೊಡಕು ಅದೇ.

ಹಿಂದಿನ ದಿನ ಶುಂಠಿ ಹೊಲಕ್ಕೆ ಹೋಗಿದ್ದರೆ ಚಪ್ಪಲಿ ತೊಳೆದು ಹೋಗಿ. ಕೊಳೆರೋಗ ಮಣ್ಣಿನ ಜೊತೆಯೇ ಬರುತ್ತದೆ. ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿ.