ಜಮೀನಿಗೆ ಕೆಐಎಡಿಬಿ ನೋಟಿಸ್ ಬಂದರೆ ಏನು ಮಾಡಬೇಕು?

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಜಮೀನು ಕೈಗಾರಿಕೆಗೆ ಹೋಗುವುದಿತ್ತು. ರೈತರು ಮೂರು ವರ್ಷಕ್ಕೂ ಜಾಸ್ತಿ ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಡುವುದಾಗಿ ಹೇಳಿತು. ಒಗ್ಗಟ್ಟಿನ ಬಲ ಎಂಥದ್ದು ಅಂತ ನಾಡೇ ನೋಡಿತು. ಆದರೆ ಎಲ್ಲ ಊರಿಗೂ ಅಷ್ಟು ದೊಡ್ಡ ಹೋರಾಟ ಕಟ್ಟಲು ಆಗುವುದಿಲ್ಲ. ಕಟ್ಟಿದರೂ ಜೊತೆಗೆ ಕಾಗದದ ಕೆಲಸ ನಡೆಯಲೇಬೇಕು. ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನೋಟಿಸ್ ಕೈಗೆ ಬಂದ ಮೇಲೆ ಆಕ್ಷೇಪಣೆ ಹಾಕಲು ಸಿಗುವುದು 30 ದಿನ.

ಮೊದಲು ಕಲಂ ನೋಡಿ

ನಮ್ಮ ರಾಜ್ಯದಲ್ಲಿ ಕೈಗಾರಿಕೆಗೆ ಜಮೀನು ಹೋಗುವುದು ಹೆಚ್ಚಾಗಿ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ಖಾಸಗಿ ಕಂಪನಿಗಾಗಿ ಸ್ವಾಧೀನ ಮಾಡುವಾಗ ಶೇ 80ರಷ್ಟು ಕುಟುಂಬಗಳ ಒಪ್ಪಿಗೆ ಬೇಕು ಅನ್ನುವುದು ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆಯ ಮಾತು. 1966ರ ಕಾಯ್ದೆಯಲ್ಲಿ ಆ ಷರತ್ತೇ ಇಲ್ಲ. 'ನಾವು ಒಪ್ಪದೆ ಹೇಗೆ ತಗೊಳ್ತಾರೆ' ಅಂತ ಸುಮ್ನೆ ಕೂರಬೇಡಿ.

ಕಾಗದದಲ್ಲಿ ಕಲಂ 28(1) ಅಂತಿದ್ದರೆ ಅದು ಪ್ರಾಥಮಿಕ ಅಧಿಸೂಚನೆ. 28(2) ಅಂದರೆ ನಿಮ್ಮ ಆಕ್ಷೇಪಣೆ ಕೇಳುವ ನೋಟಿಸ್. 28(4) ಅಂತಿಮ ಅಧಿಸೂಚನೆ, ಅದು ಗೆಜೆಟ್‌ನಲ್ಲಿ ಬಂದ ಕೂಡಲೇ ಜಮೀನು ಕಾನೂನಿನ ಪ್ರಕಾರ ಸರ್ಕಾರದ್ದು. ಆಮೇಲೆ ಬರುವ 28(6) ನೋಟಿಸ್, 30 ದಿನದೊಳಗೆ ಜಾಗ ಬಿಟ್ಟುಕೊಡಿ ಅನ್ನುತ್ತದೆ. ನಿಮ್ಮ ಮಾತಿಗೆ ಬೆಲೆ ಇರುವುದು 28(2)ರಿಂದ 28(4)ರ ನಡುವೆ.

ದಾಖಲೆ ಹೊಂದಿಸಿ

ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪ್ರಮಾಣಪತ್ರ), ಸರ್ವೆ ನಕ್ಷೆ, ವಂಶವೃಕ್ಷ ಇಷ್ಟನ್ನೂ ತೆಗೆಸಿ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಅವತ್ತೇ ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ಗುತ್ತಿಗೆಗೋ ವಾರಕ್ಕೋ ಉಳುವವರಿಗೂ ಆಕ್ಷೇಪಣೆ ಸಲ್ಲಿಸುವ ಹಕ್ಕಿದೆ. ಕಾಯ್ದೆಯಲ್ಲಿ ಮಾಲೀಕರ ಜೊತೆ ಜಮೀನನ್ನು ಅನುಭವಿಸುತ್ತಿರುವವರ ಹೆಸರೂ ಇದೆ.

ಆಕ್ಷೇಪಣೆ ಬರೆಯುವುದು

ಇದೇ ಎಲ್ಲಕ್ಕಿಂತ ಮುಖ್ಯ. ಊರವರೆಲ್ಲ ಸೇರಿ ಒಂದೇ ಹಾಳೆಯಲ್ಲಿ ಸಹಿ ಹಾಕಿ ಕೊಟ್ಟರೆ ಸಾಲದು. ಪ್ರತಿಯೊಬ್ಬರೂ ತಮ್ಮ ಸರ್ವೆ ನಂಬರಿಗೆ ಬೇರೆ ಬೇರೆ ಬರೆದುಕೊಡಿ. 'ನಾವು ಬಡವರು, ದಯವಿಟ್ಟು ಬಿಡಿ' ಅನ್ನುವ ಮನವಿ ಫೈಲಿನಲ್ಲಿ ನಿಲ್ಲುವುದಿಲ್ಲ. ಹೀಗೆ ಬರೆಯಿರಿ: 'ನನ್ನ 2 ಎಕರೆ 10 ಗುಂಟೆಯಲ್ಲಿ 30 ಗುಂಟೆ ಹಿಪ್ಪುನೇರಳೆ, ಉಳಿದದ್ದು ದ್ರಾಕ್ಷಿ. ಒಂದು ಬೋರ್‌ವೆಲ್‌ನಲ್ಲಿ ನೀರಿದೆ, ಹನಿ ನೀರಾವರಿ ಹಾಕಿಸಿದ್ದೇನೆ, ಸಾಲ ಬಾಕಿ ಇದೆ. ಮನೆಯ ಐದು ಜನಕ್ಕೆ ಬೇರೆ ಜಮೀನಿಲ್ಲ.' ಹತ್ತಿರದಲ್ಲಿ ಬೀಳು ಬಿದ್ದ ಜಾಗವೋ, ಮೊದಲೇ ಸ್ವಾಧೀನವಾಗಿ ಖಾಲಿ ಉಳಿದ ಕೈಗಾರಿಕಾ ನಿವೇಶನವೋ ಇದ್ದರೆ ಅದರ ಸರ್ವೆ ನಂಬರ್ ಸಮೇತ ಬರೆಯಿರಿ. ಕೊನೆಗೆ 'ನನ್ನನ್ನು ಖುದ್ದಾಗಿ ವಿಚಾರಣೆಗೆ ಕರೆಯಬೇಕು' ಅಂತ ಸೇರಿಸಿ.

ವಿಶೇಷ ಭೂಸ್ವಾಧೀನಾಧಿಕಾರಿ ಕಚೇರಿಗೆ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ.

ಒಂದು ಹಾಳೆಯಿಂದ ಏನಾಗುತ್ತೆ ಅಂತೀರಾ? ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ 2006ರಲ್ಲಿ ಟಾಟಾ ನ್ಯಾನೋ ಕಾರ್ಖಾನೆಗೆ ಅಂತ ಸುಮಾರು 997 ಎಕರೆ ತೆಗೆದುಕೊಂಡಿದ್ದರು. 2016ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಜಮೀನು ವಾಪಸ್ ಕೊಡಿ ಅಂತ ಆದೇಶಿಸಿತು. ಪೀಠದಲ್ಲಿದ್ದವರು ನಮ್ಮ ಚಿಂತಾಮಣಿ ಕಡೆಯ ನ್ಯಾಯಮೂರ್ತಿ ವಿ. ಗೋಪಾಲಗೌಡ ಮತ್ತು ನ್ಯಾಯಮೂರ್ತಿ ಅರುಣ್ ಮಿಶ್ರಾ. ಅದು ಸಾರ್ವಜನಿಕ ಉದ್ದೇಶವೇ ಅಲ್ಲವೇ ಅನ್ನುವುದರಲ್ಲಿ ಇಬ್ಬರ ಅಭಿಪ್ರಾಯ ಬೇರೆ ಬೇರೆಯಾಗಿತ್ತು. ರೈತರ ಆಕ್ಷೇಪಣೆಯನ್ನು ಸರಿಯಾಗಿ ವಿಚಾರಣೆ ಮಾಡಲಿಲ್ಲ ಅನ್ನುವುದರಲ್ಲಿ ಇಬ್ಬರೂ ಒಂದೇ ಮಾತು. ಅಲ್ಲಿದ್ದದ್ದು 1894ರ ಹಳೇ ಭೂಸ್ವಾಧೀನ ಕಾಯ್ದೆ. ನಮ್ಮ ಕಾಯ್ದೆಯ 28(3) ಕೂಡ ಅಹವಾಲು ಕೇಳಿಯೇ ಆದೇಶ ಮಾಡಬೇಕು ಅನ್ನುತ್ತದೆ.

ವಿಚಾರಣೆ

ಕರೆದ ದಿನ ತಪ್ಪಿಸಬೇಡಿ. ಹಾಜರಾತಿ ಅಂತ ಖಾಲಿ ಹಾಳೆ ಮುಂದಿಟ್ಟರೆ ಸಹಿ ಹಾಕಬೇಡಿ. ನೀವು ಹೇಳಿದ್ದು ಬರೆದುಕೊಂಡಿದ್ದಾರಾ ಅಂತ ಓದಿ, ಆಮೇಲೆ ಸಹಿ. ನಡಾವಳಿ ಪ್ರತಿ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ವಕೀಲರು ಮೊದಲು ಕೇಳುವುದು ಅದನ್ನೇ.

ಅಳತೆ

ಜಂಟಿ ಅಳತೆಗೆ ಬಂದಾಗ ಜಮೀನಲ್ಲಿ ನೀವೇ ಇರಿ. ಮಾವು, ತೆಂಗು, ಹುಣಸೆ ಎಷ್ಟು, ಎಷ್ಟು ವರ್ಷದ್ದು, ಬೋರ್‌ವೆಲ್, ಪೈಪ್‌ಲೈನ್, ದನದ ಕೊಟ್ಟಿಗೆ ಎಲ್ಲ ಪಟ್ಟಿಯಲ್ಲಿ ಬರಬೇಕು. ತಾರೀಖು ಬರುವ ಹಾಗೆ ಫೋಟೊ ಹಿಡಿದಿಡಿ.

ಪರಿಹಾರದ ಮಾತು

ಬೆಲೆ ಎರಡು ದಾರಿಯಲ್ಲಿ ನಿಗದಿಯಾಗುತ್ತದೆ. ಒಂದು ಒಪ್ಪಂದ. ಇನ್ನೊಂದು, ಒಪ್ಪಂದ ಆಗದಿದ್ದಾಗ ಅಧಿಕಾರಿ ಮಾಡುವ ಐತೀರ್ಪು. ಒಪ್ಪಂದದ ದರಕ್ಕೆ ಸಹಿ ಹಾಕಿದರೆ ಇನ್ನೂ ಜಾಸ್ತಿ ಬೇಕು ಅಂತ ಆಮೇಲೆ ಕೋರ್ಟಿಗೆ ಹೋಗುವ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಹಾಗಾಗಿ ಒಪ್ಪಿಗೆ ಪತ್ರವನ್ನು ಮನೆಗೆ ತಂದು ವಕೀಲರಿಗೆ ತೋರಿಸಿ. ಐತೀರ್ಪಿನ ಹಣ ಪಡೆಯುವುದಾದರೆ 'ತಕರಾರಿಗೆ ಒಳಪಟ್ಟು ಪಡೆದಿದ್ದೇನೆ' ಅಂತ ಬರೆದೇ ಸಹಿ ಮಾಡಿ.

ಪಿತ್ರಾರ್ಜಿತ ಜಮೀನಾದರೆ ಅಕ್ಕ ತಂಗಿಯರನ್ನು ಮೊದಲೇ ಕೂರಿಸಿಕೊಂಡು ಮಾತಾಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ಅವರನ್ನು ಬಿಟ್ಟು ಚೆಕ್ ಪಡೆಯಲು ಹೋದರೆ ದಾವೆ ಬೀಳುತ್ತದೆ, ಹಣ ಕೋರ್ಟಿನಲ್ಲಿ ಕೂತುಬಿಡುತ್ತದೆ. ಅವರ ಪಾಲು ಎಷ್ಟು ಅಂತ ಬರೆದು, ಎಲ್ಲರ ಸಹಿ ಹಾಕಿಸಿ ಕೊಟ್ಟರೆ ಆ ತೊಂದರೆ ಇರುವುದಿಲ್ಲ.